ಫೋಟೋದಲ್ಲಿಲ್ಲದ ಬಾಲ ಮಾಮ

ಜೂನ್ ೧೧, ಮಂಗಳವಾರ

ನನ್ನ ಹಿರಿಮಗಳಿಗೆ ಅಪ್ಪನ ಆಶೀರ್ವಾದ.

ಉತ್ತರ ತಡವಾಯಿತೆಂದು ಬೈಯಬೇಡ. ಬೈಯಲು ನಿನ್ನಮ್ಮ ಇದ್ದಿದ್ದರೆ ತಡವೇ ಆಗುತ್ತಿರಲಿಲ್ಲ. ‘ಡಿಲೇ ಈಸ್ ಡೇಂಜರಸ್’ ಎಂದೋ ಏನೋ ಕಾಲೇಜಿನಲ್ಲಿ ಕಲಿಸಿದ್ದರು. ಪರೀಕ್ಷೆಗೆ ಬಂತು, ಬದುಕಿಗೆ ಬರಲಿಲ್ಲ. ಕಾಲಿನ ಪ್ಲಾಸ್ಟರ್ ಬಿಚ್ಚಿದರೇ? ಇನ್ನಾದರೂ ಮೆಟ್ಟಿಲು ನೋಡಿಕೊಂಡು ಇಳಿ.

ನಿನ್ನ ತಂಗಿಯ ಮದುವೆ ಚೆನ್ನಾಗಿಯೇ ಆಯಿತು. ಬೀಗರು ಒಳ್ಳೆಯವರು, ಮಾತು ಮಾತ್ರ ನನಗಿಂತ ಜಾಸ್ತಿ. ನಾನು ಕಳಿಸಿದ ಫೋಟೋ ನೋಡಿ ನೀನು ಕೇಳಿದ್ದು ಒಂದೇ: ಬಾಲ ಮಾಮ ಎಲ್ಲಿ ಅಂತ. ಅದನ್ನು ಓದಿದಾಗಿನಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೇನೆ.

ಬಂದಿದ್ದನಮ್ಮ. ಇಸ್ತ್ರಿ ಕೋಟು ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಬಂದು ಕುರ್ಚಿ ಹಾಕಿಸಿದ. ಫೋಟೋದವನು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಆ ಕೋಟಿನ ಯಜಮಾನರೂ ಬರಲಿ ಅಂದ. ಇವನು ಎದ್ದು ಬರುತ್ತಿದ್ದ.

“ನೀನು ಚೀಲ ನೋಡ್ಕೊಳ್ಳೋ, ಇದು ಮನೆಯವ್ರದ್ದು,” ಅಂದೆ.

ಹೆಂಗಸರ ಚೀಲ, ಬೀಗರ ಕೊಡೆ, ಎಲ್ಲ ಅವನ ಕಾಲಬುಡದಲ್ಲಿಟ್ಟೆ. ಆ ಸುಟ್ಟ ಮುಖಕ್ಕೆ ಕೂಸು ಹೆದರೀತು, ಅದಕ್ಕೇ ಹಾಗೆ ಮಾಡಿದೆ ಎಂದು ಆಮೇಲೆ ನಿನ್ನಣ್ಣನಿಗೆ ಸಮಜಾಯಿಷಿ ಕೊಟ್ಟೆ. ನಿನ್ನಣ್ಣನದೇ ಕೂಸಲ್ಲವೇ, ಎತ್ತಿಕೊಂಡು ಆಚೆ ಹೋದ.

ಆ ಮುಖದ ಕಥೆ ನಿನಗೆ ಗೊತ್ತೇ ಇದೆ. ಮುದುಕ, ಇನ್ನೊಮ್ಮೆ ಹೇಳುತ್ತೇನೆ. ಯುದ್ಧದಲ್ಲಿ ಬಾಂಬು ಹಾಕಿ ಮರಳಿದ ನಮ್ಮ ವಿಮಾನದ ಒಂದು ಚಕ್ರ ಇಳಿಯಿತು, ಇನ್ನೊಂದು ಇಳಿಯಲಿಲ್ಲ. ರೆಕ್ಕೆ ನೆಲಕ್ಕೆ ಬಡಿದು, ವಿಮಾನ ಗಿರ್ರನೆ ತಿರುಗಿ, ಮುಂಭಾಗಕ್ಕೆ ಬೆಂಕಿ ಹತ್ತಿತು. ನಮ್ಮಲ್ಲೊಂದು ಪದ್ಧತಿಯಿತ್ತು: ಕೆಳಗಿಳಿದವನು ತನ್ನ ಜಾಗವನ್ನು ಕೂಗಿ ಹೇಳಬೇಕು. ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂರುವ ಇವನಿಗೆ ಅಲ್ಲೇ ಬಾಗಿಲು. ಹಾರಿ, “ಬಾಲ” ಎಂದು ಕೂಗಿದ. ನಾನು “ರೇಡಿಯೋ” ಎನ್ನಬೇಕಿತ್ತು. ನನಗೆ ಪ್ರಜ್ಞೆ ತಪ್ಪಿತ್ತು. ಯಾರ ದನಿಯೂ ಕೇಳದೆ ಅವನು ಒಳಗೆ ಬಂದ. ನನ್ನನ್ನು ಕಾಲರ್ ಹಿಡಿದು ಹೊರಗೆಳೆದು ಹಾಕಿ, ಪೈಲಟ್ಟನ್ನೂ ನಕಾಶೆಯವನನ್ನೂ ತರಲು ಮತ್ತೆ ಹೋದ. ಅವರಿಬ್ಬರೂ ಉಳಿಯಲಿಲ್ಲ. ಇವನು ಆ ಮುಖ ಹೊತ್ತು ಬಂದ.

ನಿನ್ನೆ ಅವನ ಹೊಲಿಗೆಯಂತ್ರ ರಿಪೇರಿ ಅಂಗಡಿಗೆ ಹೋಗಿದ್ದೆ. ತಪ್ಪಾಯಿತು ಅನ್ನಲು ಬಾಯಿ ಬರದೆ ಬಿಸಿಲಿನ ಮಾತಾಡಿದೆ. ಅವನು ಯಂತ್ರಕ್ಕೆ ಎಣ್ಣೆ ಬಿಡುತ್ತ, ತಲೆಯೆತ್ತದೆ ಕೇಳಿದ:

“ಚೀಲ ಎಲ್ಲಾ ಸರಿಯಾಗಿ ಸಿಕ್ಕಿದ್ವೇನಯ್ಯ?”

“ಸಿಕ್ಕಿದ್ವು.”

ಭಾನುವಾರ ಊಟಕ್ಕೆ ಬಾ ಅಂದೆ. ಎಂದೂ ಕರೆಯದೆಯೇ ಬರುತ್ತಿದ್ದವನು, ಕರೆದದ್ದೇ ತಪ್ಪಾಯಿತೇನೋ. “ಮನೆಯವ್ರು ಇರ್ತಾರಲ್ಲ, ನೋಡೋಣ,” ಅಂದ. ‘ಎ ಫ್ರೆಂಡ್ ಇನ್ ನೀಡ್’... ಮುಂದಿನದು ನೆನಪಾಗುತ್ತಿಲ್ಲ.

ನೀನೊಂದು ಕಾಗದ ಬರೆದು ಅವನನ್ನು ಕರೆ ತಾಯಿ. ನಿನ್ನ ಮಾತು ಮೀರುವವನಲ್ಲ. ನನ್ನ ಪರವಾಗಿ ಕ್ಷಮೆ ಮಾತ್ರ ಕೇಳಬೇಡ. ಅದು ನನ್ನ ಬಾಯಿಂದಲೇ ಬರಬೇಕು.

ಅಳಿಯಂದಿರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ತಣ್ಣಗಿರು.

ನಿನ್ನ ಅಪ್ಪ

ಇನ್ನೊಂದು ಮಾತು. ಕೂಸು ಹೆದರೀತು ಎಂದದ್ದು ಸುಳ್ಳು. ಬೆಳಗಿನಿಂದ ಅದು ಅವನ ತೊಡೆ ಬಿಟ್ಟು ಇಳಿದಿರಲಿಲ್ಲ. ಫೋಟೋಕ್ಕೂ ಅದನ್ನು ಎತ್ತಿಕೊಂಡೇ ಬರುತ್ತಿದ್ದ. ಬೀಗರ ಕಣ್ಣೆದುರು ಆ ಮುಖದ ಪಕ್ಕ ನಿಲ್ಲಲು ನಾಚಿದವನು ನಾನು. ಕೊಡು ಎಂದು ಕೈಚಾಚಿದರೆ ಕೂಸು ಅವನ ಕೋಟು ಬಿಡಲೊಲ್ಲದು. ಅದರ ಬೆರಳು ಒಂದೊಂದಾಗಿ ಬಿಡಿಸಿ ನನ್ನ ಕೈಗೆ ಕೊಟ್ಟವನು ಅವನೇ.