ಒಳಚಿಲಕವಿಲ್ಲದ ಮನೆ

ಪುಟ್ಟಿಯ ಅಮ್ಮನಿಗೆ,

ಸುಖವಾಗಿ ತಲುಪಿದೆ. ಇಲ್ಲಿ ಮರಗೆಲಸಕ್ಕೆ ಬರವಿಲ್ಲ. ನಮಗೆಂದು ತೋರಿಸಿದ ಮನೆಯೂ ಚೆನ್ನಾಗಿದೆ, ಜನ ಬೆಣ್ಣೆಯಂಥವರು. ಆದರೆ ಊರಿನ ಯಾವ ಬಾಗಿಲಿಗೂ ಒಳಗಡೆ ಚಿಲಕವಿಲ್ಲ, ಹೊರಗಡೆ ಮಾತ್ರ. ನಿನ್ನೆ ಸಂಜೆ ಎಲ್ಲರೂ ಪ್ರಾರ್ಥನೆಗೆ ಹೊರಟಾಗ ನೆಗಡಿಯೆಂದು ನಾನು ಸದ್ಯಕ್ಕೆ ಇಳಿದುಕೊಂಡಿರುವ ಮನೆಯ ಕೋಣೆಯಲ್ಲೇ ಉಳಿದೆ. ಯಾರೋ ಮೆಲ್ಲಗೆ ಹೊರಗಿನಿಂದ ಚಿಲಕ ಹಾಕಿದರು. ಪ್ರಾರ್ಥನೆ ಮುಗಿದ ಮೇಲೆ ಮನೆಯೊಡತಿ ಬಂದು ತೆಗೆದು, "ಬರದೇ ಇರೋರು ಸುಮ್ನೆ ಅಲೀಬಾರದಲ್ಲಪ್ಪ, ಅದಕ್ಕೆ" ಎಂದು ನಕ್ಕರು.

ಇವತ್ತು ಊರ ಹಿರಿಯರು ಮೊದಲ ಕೆಲಸ ಒಪ್ಪಿಸಿದರು. "ನಿಮ್ಮನೆ ಬಾಗಿಲಿಗೆ ಹೊರಗಡೆ ಚಿಲಕ ನೀವೇ ಮಾಡಿ ಹಾಕ್ಕೊಳ್ಳಿ. ಮಗು ಕೋಣೆಗೂ ಒಂದಿರಲಿ."

ಹೂಂ ಅಂದು ಬಂದಿದ್ದೇನೆ. ನೆಗಡಿ ಈಗ ಪರವಾಗಿಲ್ಲ. ಸಾಮಾನು ಕಟ್ಟಿದ್ದರೆ ಬಿಚ್ಚಿಬಿಡು. ಶನಿವಾರದ ಬಸ್ಸಿಗೆ ಹೊರಡುತ್ತೇನೆ. ಯಾರಿಗೂ ಅನುಮಾನ ಬರದಿರಲೆಂದು ಉಳಿ, ಗರಗಸ ಎಲ್ಲಾ ಇಲ್ಲೇ ಬಿಟ್ಟು ಬರುತ್ತೇನೆ.

ಪುಟ್ಟಿಯ ಅಪ್ಪ