ಮೂರು ಬಟ್ಟಲು ಗಂಜಿ

೯ ಫೆಬ್ರವರಿ, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಮಾಡುವ ನಮಸ್ಕಾರಗಳು. ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಕೂತರೆ ಕಣ್ಣು ಎಳೆಯುತ್ತದೆ, ಎದ್ದರೆ ಒಲೆ ಕರೆಯುತ್ತದೆ.

ಇಲ್ಲಿಯ ಸುದ್ದಿಯೆಲ್ಲ ಹೊಟ್ಟೆಯದೇ. ಅತ್ತೆಗೆ ಹೊಟ್ಟೆಯುಬ್ಬರ, ಇವರಿಗೆ ಹುಳಿತೇಗು, ಮೈದುನನಿಗೆ ಉಂಡರೆ ಮೈಭಾರ. ಮೂವರೂ ಆಯುರ್ವೇದದ ವೈದ್ಯರ ಹತ್ತಿರ ಹೋಗಿ ನಾಡಿ ತೋರಿಸಿಕೊಂಡು ಬಂದರು. ಅತ್ತೆಯದು ವಾತ, ಇವರದು ಪಿತ್ತ, ಮೈದುನನದು ಕಫವಂತೆ. ಬೆಳಗಿನ ತಿಂಡಿ ಅವರವರ ಮೈಗೆ ಒಗ್ಗುವಂಥದ್ದಾದರೆ ಜೀರ್ಣಶಕ್ತಿ ತಾನಾಗಿ ಸರಿಹೋಗುತ್ತದಂತೆ. ಅಂದಿನಿಂದ ಅತ್ತೆಗೆ ಶುಂಠಿ, ತುಪ್ಪದ ಅಕ್ಕಿ ಗಂಜಿ; ಇವರಿಗೆ ಖಾರ ಸೋಕಿಸದೆ ಜೀರಿಗೆ, ಸೋಂಪಿನ ಗಂಜಿ; ಮೈದುನನಿಗೆ ತುಪ್ಪವಿಲ್ಲದೆ ಕರಿಮೆಣಸು ಹಾಕಿದ ಜವೆಗೋಧಿ ಗಂಜಿ. ಮನೆ ಒಂದು, ಒಲೆ ಎರಡು, ದೋಷ ಮೂರು! ಮೂರು ಪಾತ್ರೆಗಳ ತಳ ಬಳಿದು, ನಿಂತಲ್ಲೇ ನುಂಗಿ, ಅಂಗಿಗಳ ಗುಂಡಿಗೆ ಕಾಜಾ ಹೊಲಿಯಲು ಟೈಲರ್ ಅಂಗಡಿಗೆ ಓಡುತ್ತೇನೆ.

ಮೊನ್ನೆ ನಿದ್ದೆಗಣ್ಣಿನಲ್ಲಿ ಅಣ್ಣತಮ್ಮಂದಿರ ಬಟ್ಟಲು ಅದಲುಬದಲಾಯಿತು. ಪಿತ್ತದವರು ಮೆಣಸಿನ ಗಂಜಿಯನ್ನು ಚಪ್ಪರಿಸಿ, “ಇದು ನನಗೇ ಹೇಳಿ ಮಾಡಿಸಿದ ಹಾಗಿದೆ ನೋಡು” ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ನಂದೂ ಒಂದ್ಸಲ ನಾಡಿ ತೋರಿಸ್ಲಾ?” ಎಂದು ಕೇಳಿದೆ. “ಅತ್ತಿಗೆಗೇನಾಗತ್ತೆ? ಕಲ್ಲು ತಿಂದ್ರೂ ಅರಗಿಸ್ಕೋತಾರೆ” ಎಂದ ಮೈದುನ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಕೆಟ್ಟವನಲ್ಲ, ಬಾಯಿ ಸ್ವಲ್ಪ ಮುಂದು ಅಷ್ಟೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಹಿರಿಯಳಾದ ನಿನ್ನನ್ನು ನಾನು ಹರಸಬಾರದು, ಆದರೂ ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ,
ಪುಟ್ಟಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ, ಕೈ ಬರಲಿಲ್ಲ. ಶುಕ್ರವಾರ ಅತ್ತೆಯ ಚೂರ್ಣ ತರಲು ಹೋದಾಗ ವೈದ್ಯರು ನನ್ನ ಮುಖ ನೋಡಿ, “ನಿಮ್ಮ ಹಸಿವು ಹೇಗಿದೆಯಮ್ಮಾ?” ಎಂದರು. ನನಗೆ ಹಸಿವೆಂಬುದಾಗಿ ಎಷ್ಟು ಕಾಲವಾಯಿತೋ! ಎರಡು ತುತ್ತು ಇಳಿದರೆ ಮೂರನೆಯದು ಮೇಲೆ ಬರುತ್ತದೆ. ರವಿಕೆಗಳನ್ನೆಲ್ಲ ನಾನೇ ಒಳಗೆ ಹಿಡಿದು ಹೊಲಿದುಕೊಂಡಿದ್ದೇನೆ. ಅವರು ಹೊಟ್ಟೆ ಒತ್ತಿ ನೋಡುತ್ತಾ ಒಂದು ಕಡೆ ಕೈ ನಿಲ್ಲಿಸಿದರು. “ಗಂಟಿನ ಹಾಗಿದೆ. ನನ್ನ ಪುಡಿಗೆ ಬಗ್ಗೋದಲ್ಲಮ್ಮ ಇದು. ದೊಡ್ಡಾಸ್ಪತ್ರೆಗೆ ಹೋಗಿ, ತಡ ಮಾಡ್ಬೇಡಿ” ಎಂದರು.

ಮನೆಗೆ ಬಂದು ಎಲ್ಲವನ್ನೂ ಇವರಿಗೆ ಹೇಳಿದೆ. ಮುಂದಿನ ಗುರುವಾರ ಬೆಳಗ್ಗೆ ಬೇಗ ಆಸ್ಪತ್ರೆಗೆ ಹೋಗಬೇಕು ಎಂದೆ. ಇವರ ಮುಖ ಸಣ್ಣಗಾಯಿತು. “ಬೆಳಗ್ಗೆನಾ? ಹಾಗಾದ್ರೆ ತಿಂಡಿ?” ಎಂದು ಕೇಳಿದರು.

ಅಕ್ಕಾ, ನನಗೆ ಹೆದರಿಕೆಯಾಗಿದೆ. ನೀನು ಬಾ. ಗಂಜಿ ಕಾಯಿಸುವುದಕ್ಕಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂರುವುದಕ್ಕೆ.