ಕುರ್ಚಿ ಕೋಚ್

ನವೆಂಬರ್ 3, ಸೋಮವಾರ
ಒಂಬತ್ತನೇ ತರಗತಿಯ ಗಣಿತದ ಪೇಪರ್ ಮೂವತ್ತು ತಿದ್ದಿದೆ. ಇನ್ನೂ ಹನ್ನೆರಡು ಬಾಕಿ. ಪಕ್ಕದ ಮೇಜು ವಿಜ್ಞಾನದ ಟೀಚರದು, ಅವಳ ನೋಟ್ಸ್ ಹಾಗೇ ಇದೆ. ಅವಳು ತೀರಿಹೋಗಿ ಇವತ್ತಿಗೆ ಹತ್ತು ದಿನ. ಹುಡುಗಿಯರಿಗೆ ವಾಲಿಬಾಲ್ ಪ್ರಾಕ್ಟೀಸ್ ಮಾಡಿಸುವಾಗ, ಕೋರ್ಟಿನ ಪಕ್ಕದಲ್ಲೇ, ಕೂತಲ್ಲೇ. ಮೂವತ್ತೊಂದು ವರ್ಷ ಅಷ್ಟೇ...

ಹೆಡ್‌ಮಾಸ್ಟರ್ ಕರೆಸಿದರು. ಶುಕ್ರವಾರ ಶ್ರದ್ಧಾಂಜಲಿ ಸಭೆ, ಐದು ನಿಮಿಷ ಮಾತಾಡಬೇಕಂತೆ. ಶನಿವಾರ ಅವಳ ಬದಲು ಟೀಮಿನ ಹುಡುಗಿಯರ ಜೊತೆ ಮ್ಯಾಚಿಗೂ ಹೋಗಬೇಕಂತೆ. ಚೆಂಡು ಗುಂಡಗಿದೆ ಅನ್ನುವುದಷ್ಟೇ ನನಗೆ ಗೊತ್ತು. ಒಪ್ಪಿಕೊಂಡೆ.

ನವೆಂಬರ್ 4
ಏನು ಮಾತಾಡಲಿ? ಕ್ಲಾಸಿನಲ್ಲಿ ಬಾಯಿಯೇ ಬಿಡದ ಹುಡುಗಿಯ ಕೈಲಿ ಬೆಳಕಿನ ಪಾಠ ಮಾಡಿಸಿದ್ದಳು. ತಾನು ಕೊನೆಯ ಬೆಂಚಿನಲ್ಲಿ ಕೂತು ಕೈಯೆತ್ತಿ ಡೌಟ್ ಕೇಳುತ್ತಿದ್ದಳು. ಸರ್ವ್ ಮಾಡಿದ ಚೆಂಡು ಔಟ್ ಆದರೂ ಚಪ್ಪಾಳೆ ತಟ್ಟುವಳು, ನೆಟ್ ದಾಟಿತಲ್ಲ ಎಂದು.

ಆದರೆ ಕೋಚಿಂಗೆಲ್ಲ ಕುರ್ಚಿಯಲ್ಲಿ ಕೂತೇ. ಸೋಮಾರಿ ಎಂದುಕೊಂಡಿದ್ದೆವು. 'ಕುರ್ಚಿ ಕೋಚ್' ಎಂದು ಹೆಸರಿಟ್ಟವಳು ನಾನೇ. ಅವಳೂ ನಗುತ್ತಿದ್ದಳು. "ಅಕ್ಕಾ, ಕುರ್ಚಿ ಸಿಕ್ಕಮೇಲೆ ಬಿಟ್ಟೋರು ಯಾರಿದ್ದಾರೆ ಹೇಳಿ."

ನವೆಂಬರ್ 5, ಸಂಜೆ
ಅವಳ ತಾಯಿಯನ್ನು ನೋಡಿ ಬಂದೆ. ಆಸ್ಪತ್ರೆಯ ಫೈಲ್ ತಂದು ನನ್ನ ತೊಡೆಯ ಮೇಲಿಟ್ಟರು. ಹದಿನಾರರಲ್ಲೇ ಡಾಕ್ಟರು ಹೇಳಿದ್ದರಂತೆ — ಹೃದಯ ಸರಿಯಿಲ್ಲ, ಓಡಬಾರದು, ಹಾರಬಾರದು. ಆಗ ಅವಳು ಶಾಲಾ ಟೀಮಿನ ಕ್ಯಾಪ್ಟನ್. ಮೂರು ದಿನ ಮಾತು ಬಿಟ್ಟಿದ್ದಳಂತೆ.

"ನಾಲ್ಕನೇ ದಿನ ಎದ್ದು, ನಾನು ಹಾರ್ದಿದ್ರೇನಮ್ಮ, ಹಾರೋರನ್ನ ತಯಾರು ಮಾಡ್ತೀನಿ ಅಂದ್ಲು."

ತಲೆ ಎತ್ತಲಾಗಲಿಲ್ಲ. 'ಕುರ್ಚಿ ಕೋಚ್' ಎಂದು ಹೆಸರಿಟ್ಟವಳು ನಾನೇ ಎಂದುಬಿಟ್ಟೆ. ತಾಯಿ ನನ್ನ ಕೈ ಹಿಡಿದುಕೊಂಡರು. ಆ ಹೆಸರು ಮಗಳಿಗೆ ಇಷ್ಟವಾಗಿತ್ತಂತೆ. ಯಾಕೆ ಕೂತಿದ್ದೀ ಎಂದು ಆಮೇಲೆ ಯಾರೂ ಕೇಳಲಿಲ್ಲವಲ್ಲ, ಅದಕ್ಕೆ.

ನವೆಂಬರ್ 6
ಟೀಮಿನ ಈಗಿನ ಕ್ಯಾಪ್ಟನ್ ಹುಡುಗಿ ಪ್ರಾಕ್ಟೀಸಿಗೆ ಬರಲಿಲ್ಲ. ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಳು. ಇನ್ನು ಆಡುವುದಿಲ್ಲವಂತೆ. ನಾನು ಪಕ್ಕ ಕೂತ ಮೇಲೆ ಕಾರಣ ಹೇಳಿದಳು. ಅವತ್ತು ತಾನು ಹೊಡೆದ ಚೆಂಡು ಕಾಂಪೌಂಡ್ ದಾಟಿ ರಸ್ತೆಗೆ ಬಿತ್ತು. ಹುಡುಗಿಯರನ್ನೆಲ್ಲ ತಡೆದು ಮೇಡಂ ತಾವೇ ಓಡಿಹೋಗಿ ತಂದರು. ವಾಪಸ್ ಬಂದು ಕೂತವರು ಏಳಲಿಲ್ಲ.

"ನಾನೇ ಮೇಡಂನ ಕೊಂದೆ, ಮಿಸ್."

ಫೈಲಿನಲ್ಲಿದ್ದುದನ್ನೆಲ್ಲ ಹೇಳಿದೆ. "ಹದಿನೈದು ವರ್ಷದಿಂದ ಅವರಿಗೆ ಗೊತ್ತಿತ್ತು ಮರಿ. ನಿಮ್ಮನ್ನ ರೋಡಿಗೆ ಕಳಿಸ್ಬಾರ್ದು ಅಂತ ಅವರೇ ಎದ್ರು. ಅದು ಅವರ ತೀರ್ಮಾನ. ಅದನ್ನ ನಿನ್ನ ತಲೆ ಮೇಲೆ ಹಾಕ್ಕೋಬೇಡ."

ಅತ್ತಳು. ನಾನೂ. ಆಮೇಲೆ ಎದ್ದು ಹೋದಳು.

ನವೆಂಬರ್ 8, ಸಂಜೆ
ನಿನ್ನೆ ಬರೆಯಲಾಗಲಿಲ್ಲ. ಸಭೆಯಲ್ಲಿ ಬರೆದುಕೊಂಡು ಹೋಗಿದ್ದ ಚೀಟಿ ಮಡಚಿಟ್ಟು, ಹೆಸರಿಟ್ಟವಳು ನಾನು ಎಂಬಲ್ಲಿಂದಲೇ ಶುರು ಮಾಡಿದೆ. ಐದು ನಿಮಿಷ ಇಪ್ಪತ್ತಾಯಿತು. ಹೆಡ್‌ಮಾಸ್ಟರ್ ವಾಚ್ ನೋಡಲಿಲ್ಲ.

ಇವತ್ತು ಬಸ್ ಹೊರಡುವ ಹೊತ್ತಿಗೆ ಕ್ಯಾಪ್ಟನ್ ಓಡಿಬಂದು ಹತ್ತಿದಳು. ಮೊದಲ ಸೆಟ್‌ನಲ್ಲಿ ಕಾಲು ನೆಲ ಬಿಡಲಿಲ್ಲ. ಎರಡನೆಯದರಲ್ಲಿ ಹಾರಿದಳು — ನಾನು ಸೀಟಿನಿಂದ ಎದ್ದು ನಿಂತಿದ್ದೆನಂತೆ, ನನಗೇ ಗೊತ್ತಿಲ್ಲ. ಕೊನೆಗೆ ಸೋತೆವು, ಎರಡೇ ಪಾಯಿಂಟಿನಿಂದ.

ಬರುವಾಗ ಬಸ್ಸಿನಲ್ಲಿ ಕೇಳಿದಳು, ಸೋಮವಾರದಿಂದ ಪ್ರಾಕ್ಟೀಸ್ ಯಾರು ಮಾಡಿಸುತ್ತಾರೆ ಎಂದು. ಕಿಟಕಿಯ ಕಡೆ ತಿರುಗಿದೆ.

ನವೆಂಬರ್ 10, ಬೆಳಿಗ್ಗೆ 5.50
ಆಟದ ನಿಯಮದ ಪುಸ್ತಕ ಅರ್ಧ ಓದಿದೆ. ಆಟಗಾರರು ಸರದಿಯಲ್ಲಿ ಜಾಗ ಬದಲಿಸುವ ರೊಟೇಶನ್ ಅರ್ಥವಾಯಿತು, ಗಣಿತವೇ. ಉಳಿದದ್ದು ಹುಡುಗಿಯರನ್ನೇ ಕೇಳಬೇಕು. ಆಗಲೇ ನಮ್ಮ ಮನೆ ಗೇಟಿನ ಹತ್ತಿರ ಬಂದು ಕೂಗುತ್ತಿದ್ದಾರೆ. ನನ್ನ ಮಗಳ ಹಳೇ ಶೂ, ಬಲು ಬಿಗಿ. ಒಂದು ಹಾಕಿಕೊಂಡೆ. ಇನ್ನೊಂದು—